ಕಾರಿನೊಳಗಿನ ಬಿಸಿನೀರಿನ ನಳ

ರೇಡಿಯೇಟರ್ ಕೆಲಸಕ್ಕ ಹೊಸದಾಗಿ ಬಂದ ಹುಡುಗರು ನನ್ನ ಕೇಳೂದು ಒಂದ ಮಾತು, "ಬೂಬಮ್ಮ, ಬೆಸುಗಿ ಹ್ಯಾಂಗ ಹಿಡಸ್ಬೇಕು?" ಬೆಸುಗಿ ಹಿಡಸೂದು ನಾಕು ಸರತಿ ಕೈ ಸುಟ್ಕೊಂಡ್ರ ಯಾರಿಗರೆ ಬರತೈತಿ. ಮಂದಿ ರೇಡಿಯೇಟರ್ ಪೆಟಿಗಿಯೊಳಗ ಏನು ಹಾಕಿರ್ತಾರ, ಅದರಾಗಿಂದ ಏನು ತಕ್ಕೊಂಡಿರ್ತಾರ, ಅದನ್ನ ಮೊದಲ ಕೇಳಬೇಕು. ಯಾರೂ ಕೇಳೂದಿಲ್ಲ. ಅದಕ್ಕ ನಾ ಬರಿಯಾಕ ಕುಂತೇನಿ. ನಾ ಎರಡನೇತ್ತೆ ತನಕ ಸಾಲಿಗೆ ಹೋದಾಕಿ. ಅಕ್ಷರ ತಪ್ಪಿದ್ರ ನೀವ ತಿದ್ಕೊಂಡು ಓದ್ರಿ, ವಿಷಯ ತಪ್ಪಿಲ್ಲ.

ನಮ್ಮದು ಕಲಾಯಿ ಮಾಡೂ ಮಂದಿ. ನಾ ಹುಟ್ಟಿದ್ದು ಮುದ್ದೇಬಿಹಾಳದಾಗ, ಕೊಟ್ಟದ್ದು ಸಿಂದಗಿಗೆ. ಗಂಡ ಖಾಸೀಮಸಾಬ. ಊರೂರಿಗೆ ಹೋಗಿ ಗಿಡದ ಕೆಳಗ ತಗ್ಗು ತೋಡಿ ಬೆಂಕಿ ಮಾಡತಿದ್ವಿ. ನಾ ತಿದಿ ಊದತಿದ್ದೆ. ತಾಮ್ರದ್ದೋ ಹಿತ್ತಾಳಿದ್ದೋ ಭಾಂಡೆ ಕಾಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಲೆ ತಿಕ್ಕಿದ್ರ ಒಳಗೆಲ್ಲ ಬೆಳ್ಳಗ ಹೊಳೀತಿತ್ತು. ಆ ಬಿಳಿ ಹೋತಂದ್ರ ಭಾಂಡೆ ಕಿಲುಬು ಹಿಡೀತೈತಿ, ಹಸರು ಬಣ್ಣದ್ದು, ಹೊಟ್ಟಿಗೆ ವಿಷ. ಹುಳಿ ಹಾಕಿದ್ರಂತೂ ಮುಗೀತು. ಇದು ನಮ್ಮ ಕಡೆ ರೊಟ್ಟಿ ಬಡಿಯೂ ಪ್ರತಿ ಹೆಣ್ಣಮಗಳಿಗೆ ಗೊತ್ತು. ಕಲಾಯಿ ಹೋದ ಪಾತೇಲಿಯೊಳಗ ಹುಣಸಿಹುಳಿ ಇಡೂದಿಲ್ಲ, ಇಟ್ಟಾಕಿನ್ನ ಅತ್ತಿ ಅಂಗಳಕ್ಕ ನಿಲ್ಲಸ್ತಾಳ.

ಎಪ್ಪತ್ತರ ಆ ವರ್ಷಗಳೊಳಗ ಸ್ಟೀಲ್ ಭಾಂಡೆ ಬಂದ್ವು. ಮೊದಲ ಸಾವಕಾರರ ಮನಿಗೆ, ಆಮ್ಯಾಲ ಎಲ್ಲಾರ ಮನಿಗೆ. ಬಾಜೂದೂರು ಯಂಕಂಚಿಯೊಳಗ ಹಿಂದ ಒಂದು ಓಣಿ ತಿರುಗಿದ್ರ ಹೊತ್ತು ಮುಳುಗೂ ತನಕ ಕೆಲಸ ಸಿಗತಿತ್ತು. ಒಂದು ವರ್ಷ ಹೋದ್ರ ಎರಡ ತಂಬಿಗಿ ಸಿಕ್ವು. ಹಿಂಗಾಗಿ ನಮ್ಮವ್ರು, ಖಾಸೀಮಸಾಬ, ಸಿಂದಗಿ ಬಸ್ ಸ್ಟ್ಯಾಂಡಿನ ಹಂತ್ಯಾಕ ಬಸಪ್ಪ ಮೇಸ್ತ್ರಿ ಗ್ಯಾರೇಜಿನ ಬಾಜೂಕ ತಗಡಿನ ಛಪ್ಪರ ಹಾಕಿ ರೇಡಿಯೇಟರ್ ಕೆಲಸಕ್ಕ ಕುಂತ್ರು. ರೇಡಿಯೇಟರಂದ್ರ ಏನು? ಅದೂ ತಾಮ್ರ, ಅದೂ ಹಿತ್ತಾಳಿ. ಇಂಜಿನ್ನ ಕಾವು ತಗೊಂಡ ನೀರು ಅದರ ಸಣ್ಣ ಸಣ್ಣ ಕೊಳವಿಯೊಳಗ ಹರದು ಗಾಳಿಗೆ ಆರತೈತಿ. ತೂತು ಬಿದ್ರ ತವರ ಸೀಸ ಕೂಡಿಸಿ ಬೆಸುಗಿ ಹಾಕೂದು.

ನವಸಾಗರದ ಹೊಗಿ ಕುಡದು ಕುಡದು ನಮ್ಮವ್ರ ಎದಿ ಕೆಟ್ಟಿತ್ತು. ಕೆಮ್ಮು ಬಂದಾಗ ಕೈ ಅಲುಗತಿತ್ತು. ಕೊಳವಿ ಸಣ್ಣೂ, ಕೈ ಅಲುಗಿದ್ರ ಬೆಸುಗಿ ಬಾಜೂದ್ದಕ್ಕ ಹರೀತೈತಿ. ಹಂಗಾಗಿ ಬೆಸುಗಿ ಹಾಕೂ ಕಾಸಿದ ಕಬ್ಬಿಣ ನನ್ನ ಕೈಗೆ ಬಂತು.

ಬಸಪ್ಪ ಮೇಸ್ತ್ರಿ ಇದನ್ನ ನೋಡಿ ಸಿಟ್ಟಿಲೆ ಕುಣದಾಡಿದ. "ಏ ಖಾಸೀಮ, ಹೆಂಗಸನ್ನ ಕುಂಡ್ರಿಸಿ ಕೆಲಸ ಮಾಡಸಿದ್ರ ಲಾರಿಯವ್ರು ಈ ಕಡೆ ಹೊಳ್ಳಿ ನೋಡೂದಿಲ್ಲೋ!"

ನಾ ಅಂದೆ, "ಲಾರಿ ಸೋರಾಕತ್ತಿದ್ರ ಬರ್ತಾರ, ಸೋರದಿದ್ರ ನಿಮ್ಮ ಮಾರಿ ನೋಡಾಕೂ ಬರೂದಿಲ್ಲ ಬಿಡ್ರಿ."

ಮೇಸ್ತ್ರಿ ಬಾಯಿ ಹೊಲಸಿನಾಂವ, ಆದ್ರ ಕಣ್ಣು ಚೊಲೋ ಇತ್ತು. ನಾ ಬೆಸುಗಿ ಹಾಕಿದ್ದನ್ನ ನೀರಿನ ಹೊಂಡದಾಗ ಮುಳುಗಿಸಿ, ಗಾಳಿ ಊದಿ, ಗುಳ್ಳಿ ಏಳತಾವೇನು ಅಂತ ತಾನ ಬಗ್ಗಿ ನೋಡತಿದ್ದ. ಏಳಲಿಲ್ಲಂದ್ರ ಏನೂ ಅಂತಿದ್ದಿಲ್ಲ. ಅದ ಅವನ ಶಾಬಾಸಕಿ.

ಮೊದಲನೇ ವರ್ಷ ಪೆಟಿಗಿ ಬಿಚ್ಚಿ ಬಿಚ್ಚಿ ನಾ ದಂಗಾಗಿ ಹೋದೆ. ಗೊಳಸಂಗಿಯಾಂವ ಒಬ್ಬ ಲಾರಿ ತಂದ. ನೀರು ಸೋರತಾವಂತ ದಾರಿಯೊಳಗ ಅರಿಶಿಣ ಪುಡಿ ಹಾಕಿದ್ದ. ಅದನ್ನ ಎಲ್ಲಾರೂ ಮಾಡತಿದ್ರು, ಹೋಗ್ಲಿ. ಅಷ್ಟಕ್ಕ ನಿಲ್ಲಲಿಲ್ಲಂತ ಜ್ವಾಳದ ಹಿಟ್ಟು ಹಾಕಿದ್ದ. ಇಂಜಿನ್ನ ಕಾವಿಗೆ ಅದು ಒಳಗ ಕುದ್ದು ಅಂಬಲಿ ಆಗಿ, ಆಮ್ಯಾಲ ಗಟ್ಟಿಯಾಗಿ, ಬೂಷ್ಟು ಹಿಡದಿತ್ತು. ಮುಚ್ಚಳ ತಗದ ಕೂಡ್ಲೆ ಮೇಸ್ತ್ರಿ ಮೂಗು ಹಿಡಕೊಂಡು ರಸ್ತಾ ದಾಟಿ ನಿಂತ.

"ಇಷ್ಟ ಹಾಕಿದಿ, ಉಪ್ಪು ಯಾಕ ಬಿಟ್ಟೀಯೋ?" ಅಂದೆ ಆ ಡ್ರೈವರಗ.

"ಉಪ್ಪು ಹಾಕಿದ್ರ ಕಬ್ಬಿಣ ತಿಂತೈತಂತಲ್ಲಕ್ಕ" ಅಂದ. ಖರೇನ ಅಂದ. ಅದಕ್ಕೇನು ಹೇಳ್ತಿ?

ಇನ್ನೊಬ್ಬ ಇಂಡಿಯಿಂದ ಬಂದ ಜೀಪಿನಾಂವ. ಇಂಜಿನ್ ಕುದಿಯಾಕತ್ತಿತ್ತು. "ತಡಿಯೋ, ಆರಲಿ" ಅಂತ ನಾ ಒದರೂದರಾಗ ಮುಚ್ಚಳ ತಿರುವಿದ. ನೀರು ಕಾರಂಜಿ ಚಿಮ್ಮಿದಂಗ ಮಾರಿಗೆ ಬಡೀತು. ಅಂವ ಚೀರಿದ ದನಿ ನನ್ನ ಕಿವಿಯಾಗಿಂದ ಇನ್ನೂ ಹೋಗಿಲ್ಲ. ಕಣ್ಣು ಉಳದ್ವು, ಮಾರಿ ಉಳೀಲಿಲ್ಲ. ಲಗ್ನ ಗೊತ್ತಾಗಿದ್ದ ಹುಡುಗ. ಹುಡುಗರ, ಬಿಸಿ ಇದ್ದಾಗ ಮುಚ್ಚಳ ತಗೀಬ್ಯಾಡ್ರಿ ಅಂತ ನಿಮಗ ಎಲ್ಲಾರೂ ಹೇಳಿರ್ತಾರ. ಹೇಳಿದವ್ರು ಆ ಮಾರಿ ನೋಡಿರೂದಿಲ್ಲ, ಅದಕ್ಕ ಹಗೂರ ಹೇಳಿರ್ತಾರ.

ಇನ್ನೊಂದು ಹೇಳಿ ಮುಂದ ಹೋಗ್ತೇನಿ, ಯಾಕಂದ್ರ ಅದು ಗೊತ್ತಿಲ್ಲದ ಮುಂದಿಂದು ತಿಳಿಯೂದಿಲ್ಲ. ನಮ್ಮ ಮಾವ, ಅಂದ್ರ ಖಾಸೀಮಸಾಬನ ಅಪ್ಪ, ಕಂದೀಲು ಡಬ್ಬಿಗೆ ಸೀಸದ ಬೆಸುಗಿ ಹಾಕತಿದ್ರು. ಸೀಸದ ತಂತಿ ಹಲ್ಲಿಲೆ ಕಡದು, ಅದ ಕೈಲೆ ರೊಟ್ಟಿ ತಿಂತಿದ್ರು. ವಯಸ್ಸಾದ ಮ್ಯಾಲ ಹೊಟ್ಟಿ ಕಲ್ಲಾತು. ಉಂಡದ್ದು ನಿಲ್ಲತಿದ್ದಿಲ್ಲ, ಹೊರಕಡಿಗೆ ಆಗತಿದ್ದಿಲ್ಲ. ಮಾರಿ ಸುಣ್ಣ ಬಡದಂಗ ಬೆಳ್ಳಗಾತು. ಕಡೀಕ ಮಣಿಕಟ್ಟು ಸೋತು, ಕೈ ಮುಂದ ಚಾಚಿದ್ರ ಅಂಗೈ ಕೆಳಗ ಜೋತು ಬೀಳತಿತ್ತು, ಕತ್ತು ಮುರದ ಕೋಳಿ ಹಂಗ. ಸೀಸದ್ದ ಇದು ಅಂತ ದವಾಖಾನ್ಯಾಗ ಹೇಳಿದ್ರು. ಅವ್ರು ಹೋದ ಮ್ಯಾಲ ನಾ ಕೆಲಸದ ಕೈ ತೊಳೀದ ನೀರು ಸೈತ ಕುಡದಾಕಿ ಅಲ್ಲ.

ಈಗ ಆ ಕಾರಿಂದು.

ಬಸವನ ಬಾಗೇವಾಡಿಯೊಳಗ ಒಬ್ಬರು ಹತ್ತಿ ವ್ಯಾಪಾರಸ್ಥರಿದ್ರು. ಅವ್ರ ಅಪ್ಪ ಹಿಂದ ಊರಿಗೆ ಹೊಳ್ಳಿ ಹೋಗೂ ಒಬ್ಬ ಬಿಳೀ ಸಾಹೇಬನ ಕಡಿಂದ ತಗೊಂಡ ವಿಲಾಯತಿ ಕಾರು ಮನ್ಯಾಗಿತ್ತು. ಕರೀದು, ಎಮ್ಮಿಯಂಥಾದು, ಮ್ಯಾಲಿನ ಮಾಡು ಗುಂಡಗ. ರಸ್ತಾದಾಗ ಬಂದ್ರ ಮಂದಿ ಹಾದಿ ಬಿಟ್ಟು ನಿಂದರತಿದ್ರು. ಒಂದು ಬ್ಯಾಸಗಿ ಮುಂಜಾನೆ ಅದು ನಮ್ಮ ಛಪ್ಪರದ ಮುಂದ ಬಂದು ನಿಂತು. ಡ್ರೈವರ್ ಮಲ್ಲೇಶಿ ಇಳದ. ಹಿಂದಿನ ಸೀಟಿನ್ಯಾಗ ಮನಿ ಯಜಮಾನಿ ನೀಲವ್ವ, ಮುಂದ ಸೊಸಿ ಶಾಂತವ್ವ, ಅಕಿ ಉಡಿಯಾಗ ಒಂದು ವರ್ಷ ದಾಟಿದ ಗಂಡಕೂಸು.

ಮಲ್ಲೇಶಿ ಅಂದ, "ಖಾಸೀಮಣ್ಣ, ಒಳಗ ನೀರು ಸೋರಾಕತ್ತಾವು. ಸಣ್ಣವ್ವಾರ ಕಾಲು ಸುಟ್ಟಾವು."

"ಒಳಗ? ರೇಡಿಯೇಟರ್ ಮುಂದಿರತೈತಿ, ಒಳಗ ಹ್ಯಾಂಗ ಸೋರತಾವೋ?" ಅಂದ್ರು ನಮ್ಮವ್ರು.

ನಾ ಬಾಗಿಲ ತಗದು, ಶಾಂತವ್ವನ್ನ ಛಪ್ಪರದ ನೆಳ್ಳಿಗೆ ಇಳಿಸಿ, ಅಡ್ಡ ಮಲಕೊಂಡು ಗಾಡಿಯೊಳಗ ತಲಿ ಹಾಕಿದೆ. ಸ್ಟೇರಿಂಗಿನ ಬಾಜೂಕ, ಕಾಲು ಇಡೂ ಜಾಗಾದ ಮ್ಯಾಲ, ಒಂದು ಪೆಟಿಗಿ. ಇಂಜಿನ್ನ ಕಡಿಂದ ಎರಡು ರಬ್ಬರ್ ಪೈಪು ಅದಕ್ಕ ಬಂದಿದ್ವು. ಒಂದರಾಗ ಕುದಿ ನೀರು ಬರೂದು, ಇನ್ನೊಂದರಾಗ ಹೊಳ್ಳಿ ಹೋಗೂದು. ನಡುವ ಪುಟ್ಟ ರೇಡಿಯೇಟರ್, ಅಂಗೈ ಎರಡು ಕೂಡಿಸಿದಷ್ಟು. ಹಿಂದ ಒಂದು ಪಂಖಾ.

ಬಸಪ್ಪ ಮೇಸ್ತ್ರಿ ಬಂದು ಬಗ್ಗಿ ನೋಡಿ, "ಇದು ಹೀಟರ್. ಚಳಿ ದೇಶದಾಗ ಕಾರಿನೊಳಗ ಬಿಸಿ ಗಾಳಿ ಊದೂದು" ಅಂದ.

ನಾ ನಕ್ಕೆ. ಏಪ್ರಿಲ್ ತಿಂಗಳು, ಛಪ್ಪರದ ತಗಡು ಮುಟ್ಟಿದ್ರ ಚರ್ಮ ಹತಗೊಂಡು ಬರತಿತ್ತು, ಅಂಥಾದರಾಗ ಬಿಸಿ ಗಾಳಿ ಊದೂ ಮಷೀನು! "ಸಿಂದಗಿ ಬಿಸಲಿಗೆ ಇದೊಂದು ಕಡಿಮಿ ಇತ್ತು ನೋಡ್ರಿ" ಅಂದೆ. ಶಾಂತವ್ವ ನಗಲಿಲ್ಲ. ಕೂಸಿನ ಮಾರಿ ನೋಡಕೋತ ಕುಂತಿದ್ಲು.

ಅವ್ರು ಹೊಂಟದ್ದು ಯಂಕಂಚಿಗೆ. ಅಲ್ಲಿ ದೃಷ್ಟಿ ತಗಿಯೂ ಒಬ್ಬ ಮುದುಕಿ ಇದ್ಲು. ಕೂಸಿಗೆ ಎರಡು ತಿಂಗಳಿಂದ ಆರಾಮ ಇದ್ದಿಲ್ಲ. ಮೊದಲ ಗೊಳಸಂಗಿಯ ನಾಟಿ ವೈದ್ಯನ ಕಡೆ ಹೋಗಿದ್ರು. ಆಮ್ಯಾಲ ಇಂಡಿಗೆ ತಾಯತ ಕಟ್ಟಿಸಾಕ. ಶಾಂತವ್ವನ ತವರು ಮುದ್ದೇಬಿಹಾಳ, ಅಲ್ಲಿಗೂ ವಾರಕ್ಕೊಮ್ಮೆ ಹೋಗಿ ಬಂದು ಮಾಡತಿದ್ರು. ಇದೆಲ್ಲಾ ನೀಲವ್ವ ಗಾಡಿಯಾಗ ಕುಂತ ಹೇಳಿದ್ಲು, ಬೀಸಣಗಿ ಬೀಸ್ಕೋತ. "ಮಂದಿ ಕಣ್ಣು ಭಾಳ ಕೆಟ್ಟ ಬೂಬಮ್ಮ. ಲಗ್ನಾಗಿ ಏಳು ವರ್ಷಕ್ಕ ಹುಟ್ಟಿದ ಕೂಸು, ಮಂದಿ ನೋಡಿ ಸೈಸವಲ್ರು."

ನಾ ಪೆಟಿಗಿ ಬಿಚ್ಚಾಕ ಕೈ ಹಚ್ಚಿದೆ. ಹೊಳ್ಳಿ ಹೋಗೂ ಪೈಪಿನ ನಡುವ ಹಿತ್ತಾಳಿದೊಂದು ಗಿಡ್ಡ ನಳ ಕುಂಡ್ರಿಸಿದ್ರು, ಮನಿ ಹೌದಿಗೆ ಹಚ್ಚೂ ಅಂಥಾದು. ಸಾಹೇಬರ ಗಾಡಿಯೊಳಗ ಇಂಥ ನಳ ಇರೂದಿಲ್ಲ, ಪೈಪು ತೊಳಿಯಾಕ ಯಾರೋ ಹಚ್ಚಿರಬೇಕು ಅಂತ ತಿಳಕೊಂಡು ನಾ ಮುಂದ ಹೋದೆ. ನಳ ಬಿಚ್ಚಿ ಕೆಳಗಿಟ್ಟು, ಪುಟ್ಟ ರೇಡಿಯೇಟರ್ ಹೊರಗ ತಂದು ಒಂದು ತಗಡಿನ ಬುಟ್ಟಿಯೊಳಗ ಬೋರಲ ಹಾಕಿದೆ.

ಅದರಾಗಿಂದ ಬಂದ ನೀರು ನೋಡಿ ನಮ್ಮವ್ರು ಸೈತ ಹಿಂದ ಸರದ್ರು. ಹಸರು. ಅದರಾಗ ಬಿಳೀ ಕಸರು, ಸುಣ್ಣ ಕದಡಿದಂಗ. ಸೀಸದ ಬೆಸುಗಿ ಒಳಗಿಂದ ಕರಗಿ ಕರಗಿ ಕೊಳವಿಯ ಬಾಯಿ ಎಲ್ಲಾ ಹುಳ ತಿಂದಂಗ ಆಗಿತ್ತು. ಮೂಸಿ ನೋಡಿದೆ. ಹುಳಿ ವಾಸನಿ.

"ಮಲ್ಲೇಶಿ, ಇದರಾಗ ಏನ್ ಹಾಕೀಯೋ?"

"ಹುಣಸಿಹುಳಿ ಅಕ್ಕಾ" ಅಂದ, ಹೆಮ್ಮಿಲೆ. "ನಮ್ಮ ಊರ ಬಾವಿ ನೀರು ಸವಳು, ಒಳಗೆಲ್ಲ ಬಿಳೀ ಪೊರಿ ಕಟ್ಟತಿತ್ತು. ಹಿತ್ತಾಳಿ ಭಾಂಡೆ ಹುಣಸಿಹಣ್ಣಿಲೆ ಬೆಳಗತಾರಲ್ಲ, ಹಂಗ ಹದಿನೈದು ದಿನಕ್ಕೊಮ್ಮೆ ಹಿಂಡಿ ಹಾಕತೇನಿ."

ಭಾಂಡೆ ಬೆಳಗೂದು ಹೊರಗಿಂದ. ಒಳಗ ಹಾಕಿ ಕುದಿಸಿದ್ರ ಏನಾಗತೈತಿ ಅಂತ ಅವನಿಗೆ ಹೇಳಬೇಕಂತ ಬಾಯಿ ತಗದೆ. ಅಷ್ಟರಾಗ ನೀಲವ್ವ ಒದರಿದ್ಲು:

"ಏ ಬೂಬಮ್ಮ, ಲಗೂನ ಮಾಡವಾ. ಕೂಸಿನ ಹಾಲಿನ ಹೊತ್ತಾತು."

"ಹಾಲು ಕುಡಸ್ರಿ. ನಾ ಬ್ಯಾಡಂದೇನೇನು?"

"ನೀ ಅದನ್ನ ಬಿಚ್ಚಿ ಇಟ್ಕೊಂಡು ಕುಂತ್ರ ಹ್ಯಾಂಗ ಕುಡಸೂದು? ಬಿಸಿನೀರು ಎಲ್ಲಿಂದ ತರೂದು?"

ನನಗ ತಿಳೀಲಿಲ್ಲ. ಖರೇನ ತಿಳೀಲಿಲ್ಲ. ಮಲ್ಲೇಶಿ ಮಾರಿ ನೋಡಿದೆ. ಅಂವ ನಕ್ಕೋತ ಆ ಗಿಡ್ಡ ನಳ ಎತ್ತಿ ತೋರಿಸಿದ. "ಇದ ನೋಡಕ್ಕಾ. ಸಣ್ಣವ್ವಾರಿಗೆ ಹಾಲಿಲ್ಲ, ಕೂಸಿಗೆ ಡಬ್ಬಿ ಪುಡಿ. ದಾರಿಯೊಳಗ ಬಿಸಿನೀರಿಗೆ ಎಲ್ಲಿ ಒಲಿ ಹೂಡೂದು? ದೊಡ್ಡವ್ವಾರ ಅಂದ್ರು, ಗಾಡ್ಯಾಗ ಇಷ್ಟು ಕುದಿ ನೀರು ಸುಮ್ಮ ತಿರಗತಾವಲ್ಲೋ ಅಂತ. ನಳ ಹಚ್ಚಿಸಿದೆ. ತಿರುವಿದ್ರ ಸಾಕು. ಅರಿವಿಲೆ ಸೋಸೇ ಕೊಡತೇನಿ."

ನೀಲವ್ವ ಗಾಡಿಯೊಳಗಿಂದ ಮಾತು ಕೂಡಿಸಿದ್ಲು. "ಮನ್ಯಾಗಿನ ನೀರು ಸವಳು. ಗಾಡ್ಯಾಗ ಹಾಕಿದ ಮ್ಯಾಲ ಅದ ನೀರು ಸಿಹಿ ಆಗತಾವ ನೋಡು. ನಾನೂ ಚಾಕ್ಕ ಅದನ್ನ ತಗೋತೇನಿ."

ಸೀಸ ಹುಳಿಯೊಳಗ ಕರಗಿದ್ರ ಸಿಹಿ ಆಗತೈತಿ. ನಮ್ಮ ಮಾವನೂ ಅಂತಿದ್ರು, ಬಾಯಿ ಸಿಹಿ ಸಿಹಿ ಆಗೇತಿ ಅಂತ.

ನನ್ನ ಕೈಯಾಗಿನ ಇಕ್ಕಳ ಬಿತ್ತು. ಕಾಲ ಮ್ಯಾಲ ಬಿತ್ತು, ಅದರ ಖಬರಿಲ್ಲ. ಆ ಬುಟ್ಟಿಯಾಗಿನ ಹಸರು ನೀರು, ಆ ಕೂಸು. ಬುಟ್ಟಿ ನೋಡ್ತೇನಿ, ಕೂಸು ನೋಡ್ತೇನಿ. ನೂರು ಪೆಟಿಗಿ ಬಿಚ್ಚಿದಾಕಿ, ಜ್ವಾಳದ ಹಿಟ್ಟು ಕಂಡಾಕಿ, ಸತ್ತ ಕಪ್ಪಿ ಕಂಡಾಕಿ. ಒಳಗ ಹಾಕೂದನ್ನ ಕಂಡಿದ್ದೆ. ಒಳಗಿನದನ್ನ ತಗದು ಹಸುಗೂಸಿನ ಬಾಯಿಗೆ ಇಡೂದನ್ನ ಕಂಡಿದ್ದಿಲ್ಲ.

ಶಾಂತವ್ವನ ಕಡೆ ಹೋದೆ. "ಕೂಸಿಗೆ ಏನಾಗತೈತವಾ? ಬಾಯಿ ಬಿಟ್ಟು ಹೇಳು."

"ಕುಡದದ್ದು ಕಾರತೈತಿ. ಹೊಟ್ಟಿ ಗಟ್ಟಿ ಆಗೇತಿ. ಹೊರಕಡಿಗೆ ಆಗಿ ಐದು ದಿನಾ ಆತು" ಅಂದ್ಲು. "ಮೊನ್ನೆ ಮೊನ್ನೆ ತನಕ ಗ್ವಾಡಿ ಹಿಡದು ನಿಲ್ಲತಿದ್ದ. ಈಗ ಕಾಲು ಊರವಲ್ಲ."

ನಾ ಕೂಸಿನ ತೋಳು ಹಿಡದು ಮುಂದ ಚಾಚಿದೆ. ಅಂಗೈ ಜೋತು ಬಿತ್ತು. ನಮ್ಮ ಮಾವಂದು ಬೀಳತಿದ್ದಂಗ.

ಆವಾಗ ನಾ ಏನು ಒದರಿದೆ ಅಂತ ಪೂರಾ ನೆನಪಿಲ್ಲ. ಬಸ್ ಸ್ಟ್ಯಾಂಡಿನ ಮಂದಿ ಹೊಳ್ಳಿ ನೋಡಿದ್ದು ನೆನಪೈತಿ. "ನೀವು ಕೂಸಿಗೆ ಸೀಸ ಕುಡಸಾಕತ್ತೀರಿ! ಕಿಲುಬು ಕುಡಸಾಕತ್ತೀರಿ! ದೃಷ್ಟಿ ಅಲ್ಲ, ಮಣ್ಣೂ ಅಲ್ಲ!"

ನೀಲವ್ವ ಗಾಡಿ ಇಳದ್ಲು. ದೊಡ್ಡ ಮನಿ ಹೆಣ್ಣಮಗಳು, ಎತ್ತರದಾಕಿ, ಅಕಿಗೆ ಯಾರೂ ಹಂಗ ಒದರಿದ್ದಿಲ್ಲ. "ನಾಲಿಗಿ ಹಿಡದು ಮಾತಾಡು. ಕುದಿ ನೀರಿನ್ಯಾಗ ಎಂಥ ಹೊಲಸಿದ್ರೂ ಸಾಯತೈತಿ. ಮಮ್ಮಗಗ ವಿಷಾ ಹಾಕೇನೇನು ನಾನು?"

"ಹುಳ ಸಾಯತೈತ್ರಿ. ಕಿಲುಬು ಸಾಯೂದಿಲ್ಲ." ಅಕಿ ಕೈಯಾಗ ಕುಡಿಯೂ ನೀರಿನ ತಂಬಿಗಿ ಇತ್ತು, ಹಿತ್ತಾಳಿದು. "ಈ ತಂಬಿಗಿಗೆ ಕಲಾಯಿ ಯಾಕ ಮಾಡಸ್ತೀರಿ?"

"ಇದೇನು ಕೇಳ್ತಿ? ಕಿಲುಬು ಹಿಡೀತೈತಿ."

"ಕಲಾಯಿ ಹೋದ್ರ ಇದರಾಗ ಹುಣಸಿಹುಳಿ ಇಡತೀರೇನು?"

"ನನಗೇನು ಹುಚ್ಚು ಹಿಡದೈತೇನು?"

"ಈ ಪೆಟಿಗಿ ಎದರದು? ಹಿತ್ತಾಳಿದು, ತಾಮ್ರದ್ದು. ಇದಕ್ಕ ಯಾವಾಗ ಕಲಾಯಿ ಮಾಡಿಸೀರಿ?"

ಅಕಿ ಬುಟ್ಟಿ ಕಡೆ ನೋಡಿದ್ಲು. ನೋಡಿದ್ದು ಖರೆ. ಆದ್ರ ಬಾಯಿ ಸೋಲಲಿಲ್ಲ. "ಗಾಡಿ ಬ್ಯಾರೆ, ಭಾಂಡೆ ಬ್ಯಾರೆ. ಖಾಸೀಮ, ನಿನ್ನ ಹೇಣ್ತಿಗೆ ಸುಮ್ಮಿರು ಅನ್ನು. ಪೆಟಿಗಿ ರಿಪೇರಿ ಮಾಡಿ, ನಳ ಹಚ್ಚಿ ಕೊಡು. ನಮಗ ಯಂಕಂಚಿಗೆ ಹೊತ್ತಾತು."

ನಮ್ಮವ್ರು ಅಂಜುಬುರುಕ ಅಲ್ಲ, ಆದ್ರ ಅವ್ರ ಅಪ್ಪನ ಕಾಲದಿಂದ ಆ ಮನಿ ಭಾಂಡೆ ನಮ್ಮ ಕೈಯಾಗ ಬಂದಿದ್ವು. "ಬೆಸುಗಿ ಹಾಕಿ ಕೊಡೋಣ. ಕುಡೀಬ್ಯಾಡ್ರಿ ಅಂತ ಹೇಳೋಣ. ಮುಂದ ಅವ್ರಿಗೆ ಬಿಟ್ಟದ್ದು" ಅಂತ ನನ್ನ ಕಿವಿಯಾಗ ಅಂದು ಪೆಟಿಗಿಗೆ ಕೈ ಹಾಕಿದ್ರು.

ನನಗ ಆ ಮಾತು ಕೇಳಿ ಇನ್ನಷ್ಟು ದಿಗಿಲಾತು. ನಾವು ಬೆಸುಗಿ ಹಾಕೂದಂದ್ರ ಏನು? ಹೊಸಾ ಸೀಸ ಹಾಕೂದು. ತೂತು ಮುಚ್ಚಿ ಅದ ನಳ ಹಚ್ಚಿ ಕೊಟ್ರ ಯಂಕಂಚಿ ದಾರಿಯೊಳಗ ಕೂಸಿಗೆ ಮತ್ತೊಂದು ಬಾಟ್ಲಿ. ಮುದುಕಿ ದೃಷ್ಟಿ ತಗದು "ಮತ್ತ ಎರಡು ಸರತಿ ಬರ್ರಿ" ಅಂದ್ರ ಮತ್ತೆರಡು ಸರತಿ ಬಾಟ್ಲಿ. ಆರಾಮ ಆಗಲಂತ ತಿರಗಿದಷ್ಟೂ ತಿರಗಿದಷ್ಟೂ ಆ ಕೂಸಿನ ಹೊಟ್ಟಿಗೆ ಇಳದದ್ದು ಅದ. ಗೊಳಸಂಗಿಗೆ ಹೋಗಿ ಬರೂದರಾಗ ಒಂದು, ಇಂಡಿಗೆ ಹೋಗಿ ಬರೂದರಾಗ ಎರಡು, ಹಂಗ.

ತಗಡು ಬಡಿಯೂ ಸುತ್ತಿಗಿ ಬಾಜೂಕ ಇತ್ತು. ನಮ್ಮವ್ರ ಕೈಯಾಗಿನ ಪೆಟಿಗಿ ಕಸಗೊಂಡು ಕಲ್ಲಿನ ಮ್ಯಾಲ ಇಟ್ಟು ಹೊಡದೆ. ಮೂರು ಏಟಿಗೆ ಕೊಳವಿಗಳ ಜಾಳಿ ರೊಟ್ಟಿ ಆತು. ನಳಕ್ಕೂ ಒಂದು ಹಾಕಿದೆ.

"ಹುಚ್ಚಿ ಅದಿಯೇನ!" ಅಂತ ನಮ್ಮವ್ರು ರಟ್ಟಿ ಹಿಡದು ಎಳದ್ರು. ಮಲ್ಲೇಶಿ ತಲಿ ಮ್ಯಾಲ ಕೈ ಇಟ್ಕೊಂಡ. "ಅಕ್ಕಾ, ವಿಲಾಯತಿ ಸಾಮಾನು! ಎಲ್ಲೂ ಸಿಗೂದಿಲ್ಲ!"

"ಸಿಗಬಾರದಂತನ ಬಡದೇನಿ."

ನೀಲವ್ವ ನನಗ ಏನೇನು ಅಂದ್ಲು ಅದನ್ನ ಬರಿಯೂದಿಲ್ಲ. ನಮ್ಮ ಜಾತಿಗೂ ಅಂದ್ಲು, ನನ್ನ ಬಂಜಿ ಹೊಟ್ಟಿಗೂ ಅಂದ್ಲು. ನಾ ಕೇಳಕೋತ ಎರಡು ಪೈಪಿನ ತುದಿಗೆ ನಡುವ ಒಂದು ಕೊಳವಿ ತುಂಡು ತುರುಕಿ, ತಂತಿ ಬಿಗದು, ಜೋಡಿಸಿಬಿಟ್ಟೆ. ನೀರು ಇಂಜಿನ್ನಿಂದ ಬಂದು ಇಂಜಿನ್ನಿಗೆ ಹೋಗಲಿ, ನಡುವ ಪೆಟಿಗಿ ಯಾಕ? ಉರಿ ಬಿಸಲಿನ ನಾಡಿಗೆ ಹೀಟರ್ ಯಾಕ? ಆಮ್ಯಾಲ ಕೂಸಿನ ಹಾಲಿನ ಬಾಟ್ಲಿ ಇಸಗೊಂಡು, ಬುಟ್ಟಿಯಾಗಿನ ಹಸರು ನೀರು ಅದರಾಗ ತುಂಬಿ ಬಾಯಿ ಕಟ್ಟಿ ಶಾಂತವ್ವಗ ಕೊಟ್ಟೆ. "ವಿಜಾಪುರದ ದವಾಖಾನಿಗೆ ಹೋಗು. ಇದನ್ನ ಡಾಕ್ಟರ್ ಮುಂದ ಇಡು. ಎಷ್ಟು ದಿವಸದಿಂದ ಕುಡಿಸೀರಿ ಅಂತ ಮುಚ್ಚಲಾರದ ಹೇಳು."

ಶಾಂತವ್ವ ಆ ತನಕ ಅತ್ತಿಗೆ ಎದುರಾಡಿದಾಕಿ ಅಲ್ಲ. ಬಾಟ್ಲಿ ಹಿಡಕೊಂಡ್ಲು. ಆಮ್ಯಾಲ ಮುಂದಿನ ಸೀಟಿನ್ಯಾಗ ಹತ್ತಿ ಕುಂತು, "ಮಲ್ಲೇಶಿ, ವಿಜಾಪುರಕ್ಕ ಹೊಡಿ" ಅಂದ್ಲು.

ಮಲ್ಲೇಶಿ ನೀಲವ್ವನ ಮಾರಿ ನೋಡಿದ.

"ಅವ್ರ ಮಾರಿ ಏನ್ ನೋಡ್ತಿ? ಹೊಡಿ ಅಂದೆ. ಇಲ್ಲಂದ್ರ ಬಸ್ಸಿಗೆ ಹೋಗ್ತೇನಿ."

ನೀಲವ್ವ ರಸ್ತಾದಾಗ ನಿಂತಿದ್ಲು. ಗಾಡಿ ಚಾಲೂ ಆತು. ಆವಾಗ ಅಕಿ ಹೊಟ್ಟಿ ಮ್ಯಾಲ ಕೈ ಇಟ್ಕೊಂಡು, ಯಾರಿಗೂ ಅಲ್ಲದಂಗ, "ನನಗೂ ವಾಯು ಅಂತ ತಿಳಕೊಂಡಿದ್ದೆ" ಅಂದ್ಲು. ಹತ್ತಿ ಹಿಂದ ಕುಂತ್ಲು. ಗಾಡಿ ಯಂಕಂಚಿ ದಾರಿ ಬಿಟ್ಟು ಪಡುವಣಕ್ಕ ತಿರಗಿತು.

ಬಸಪ್ಪ ಮೇಸ್ತ್ರಿ ಇಷ್ಟೊತ್ತು ದೂರ ನಿಂತಿದ್ದ. ಹಂತ್ಯಾಕ ಬಂದು ಚಪ್ಪಟಿ ಆದ ಜಾಳಿ ಎತ್ತಿ ನೋಡಿದ. ಅಂವ ದಿನಾ ಮುಂಜಾನೆ ಇಂಜಿನ್ ಬಿಸಿ ಆದ ಮ್ಯಾಲ ರೇಡಿಯೇಟರಿನ ಬಿಸಿನೀರು ಹಿಡದು ದಾಡಿ ಮಾಡ್ಕೊಳ್ಳಾಂವ, ಬಾಯಿ ಮುಕ್ಕಳಿಸಾಂವ. ಎಷ್ಟೋ ಸರತಿ ನಾನ ನೋಡೇನಿ. ನೋಡಿ ಏನೂ ಅನಿಸಿದ್ದಿಲ್ಲ ನನಗ! ಅಂವ ಜಾಳಿ ಕೆಳಗಿಟ್ಟು, ನಮ್ಮ ಗಡಗಿಯಾಗಿನ ತಣ್ಣೀರು ತಗೊಂಡು ಬಾಯಿ ತೊಳದ, ಮತ್ತ ತೊಳದ. ಆವತ್ತಿಂದ ಗ್ಯಾರೇಜಿಗೆ ಬಂದ ಡ್ರೈವರಗೋಳನ್ನ ಅವನ ಕೇಳತಿದ್ದ, "ಇದರಾಗಿನ ನೀರು ಯಾರರೆ ಕುಡೀತೀರೇನಲೇ?" ಅಂತ. ಕೇಳಿದ್ರ ಗೊತ್ತಾತು: ಚಾ ಮಾಡ್ಕೊಳ್ಳಾವ್ರು ಇದ್ರು, ಚುರುಮುರಿ ತೋಯಿಸಿ ತಿನ್ನಾವ್ರು ಇದ್ರು. ಇಂಡಿ ಕಡಿಯಾಂವ ಒಬ್ಬ ಅದರಾಗ ತತ್ತಿ ಕುದಿಸಿ ತಿಂತಿದ್ದ. ಕೇಳದ ಇದ್ದಿದ್ರ ಇವು ಯಾವೂ ಗೊತ್ತಾಗತಿದ್ದಿಲ್ಲ.

ಹುಡುಗರ, ಅದಕ್ಕ ಹೇಳೂದು. ಗಾಡಿ ಬಂದ ಕೂಡ್ಲೆ ಎಲ್ಲಿ ಸೋರತೈತಿ ಅಂತ ಕೇಳತೀರಿ. ಆ ನೀರು ಎಲ್ಲಿಗೆ ಹೋಗತೈತಿ ಅಂತ ಕೇಳ್ರಿ. ಈಗ ಅಲ್ಯೂಮಿನಿಯಂ ಜಾಳಿ ಬಂದಾವು, ಪ್ಲಾಸ್ಟಿಕ್ ಟಾಕಿ ಬಂದಾವು, ಸೋರಿದ್ರ ತಗದು ಒಗದು ಹೊಸಾದು ಹಾಕತೀರಿ. ಒಳಗ ಕೂಲಂಟ್ ಅನ್ನೂ ಹಸರು ಬಣ್ಣದ ಎಣ್ಣಿನೀರು ಹಾಕತೀರಿ, ಅದು ಸೈತ ಸಿಹಿ ಅಂತ, ಅದು ಸೈತ ವಿಷ ಅಂತ. ನಾಯಿ ನೆಕ್ಕಿ ಸತ್ತದ್ದನ್ನ ನಾನ ನೋಡೇನಿ. ಮಕ್ಕಳಿರೂ ಮನಿಯಾಗ ನೆಲದ ಮ್ಯಾಲ ಸುರುವಿ ಬರಬ್ಯಾಡ್ರಿ.

ಕೂಸು ಏನಾತು ಅಂತ ತಿಂಗಳುಗಟ್ಲೆ ಸುದ್ದಿ ಇಲ್ಲ. ಕೇಳಾಕ ನನಗೂ ಧೈರ್ಯ ಇದ್ದಿಲ್ಲ. ದೊಡ್ಡ ಮನಿ ಭಾಂಡೆ ಮತ್ತ ನಮ್ಮ ಕಡೆ ಬರಲಿಲ್ಲ. ಮಲ್ಲೇಶಿ ಒಮ್ಮೆ ಬಸ್ ಸ್ಟ್ಯಾಂಡಿನ್ಯಾಗ ಕಂಡ. ಅವನ ಕೆಲಸ ಹೋಗಿತ್ತು. ದವಾಖಾನ್ಯಾಗ ಬಾಟ್ಲಿ ನೋಡಿದ ಮ್ಯಾಲ ಡಾಕ್ಟರು ರಕ್ತ ತಗೊಂಡು ದೂರ ಎಲ್ಲೋ ಕಳಿಸಿದ್ರಂತ, ಸೂಜಿ ಚುಚ್ಚಾಕತ್ತಿದ್ರಂತ. ಉಳಿಯೂದು ಗ್ಯಾರಂಟಿ ಇಲ್ಲ ಅಂದಿದ್ರಂತ. ಅಷ್ಟ ಹೇಳಿ ಅಂವ ಅಳಾಕತ್ತಿದ. ನನಗ ಅವನ ಮ್ಯಾಲ ಸಿಟ್ಟು ಬರಲಿಲ್ಲ. ಚೊಲೋದಕ್ಕಂತ ಮಾಡಿದ್ದ, ಹೊಗಳಿಸ್ಕೊಂಡಿದ್ದ. ಊರೆಲ್ಲಾ ಹೊಗಳಿತ್ತು.

ಮಳಿಗಾಲ ಮುಗದು ಜ್ವಾಳ ಬಿತ್ತೂ ಹೊತ್ತಿಗೆ ಒಂದಿನ ಮಧ್ಯಾನ್ಹ ಬಸ್ ಇಳದು ಒಬ್ಬ ಹೆಣ್ಣಮಗಳು ನಮ್ಮ ಛಪ್ಪರದ ಮುಂದ ನಿಂತ್ಲು. ಬಗಲಾಗ ಹುಡುಗ. ಶಾಂತವ್ವ. ಸೊರಗಿ ಅರ್ಧ ಆಗಿದ್ಲು. ಗುರ್ತು ಹಿಡಿಯಾಕ ಹೊತ್ತು ಬೇಕಾತು.

"ಮುದ್ದೇಬಿಹಾಳಕ್ಕ ಹೊಂಟೀಯೇನು?" ಅಂದೆ.

"ಹೌದ್ರಿ. ನಿಮ್ಮನ್ನ ಕಂಡು ಹೋಗೋಣಂತ ಸುತ್ತು ಹಾಕಿ ಬಂದೆ. ಬಸ್ಸಿಗೆ ಇನ್ನೂ ಹೊತ್ತೈತಿ." ಕುಂತ್ಲು. "ಅತ್ತಿ ಈಗ ಮಾತಾಡೂದು ಕಡಿಮಿ ಮಾಡ್ಯಾರ. ಗಾಡಿ ಮಾರಿದ್ರು."

ಹುಡುಗನ್ನ ನೆಲದ ಮ್ಯಾಲ ಬಿಟ್ಲು. ಅಂವ ನಿಲ್ಲಲಿಲ್ಲ, ಕುಂತಲ್ಲೇ ಸರಕೊಂಡು ಬಂದ. ಒಂದು ಕಾಲು ಇನ್ನೂ ಸರಿ ಇದ್ದಿಲ್ಲ. ಮಾತೂ ಬಂದಿದ್ದಿಲ್ಲ. "ನಿಧಾನಕ್ಕ ಬರಬಹುದು, ಬರದನೂ ಇರಬಹುದು ಅಂದಾರ" ಅಂದ್ಲು. ನಾ ಸಮಾಧಾನ ಹೇಳೂ ಪೈಕಿ ಅಲ್ಲ. ಹೊಟ್ಟಿಗೆ ಏನು ತಿಂತಾನು ಅಂತಷ್ಟ ಕೇಳಿದೆ.

ನಮ್ಮ ಮನ್ಯಾಗ ಆವತ್ತು ರೊಟ್ಟಿ, ಬ್ಯಾಳಿ ಇತ್ತು. ಒಂದು ರೊಟ್ಟಿ ಹಾಲಿನ್ಯಾಗ ಅದ್ದಿ ತಂದು ಕೊಟ್ಟೆ. ಶಾಂತವ್ವ ಮೊದಲ ತುತ್ತು ಮುರದು ತನ್ನ ಬಾಯಾಗ ಹಾಕ್ಕೊಂಡ್ಲು. ನುಂಗಿದ್ಲು. ಹುಡುಗ ಬಾಯಿ ತಗದ. ಅಕಿ ಕೊಡಲಿಲ್ಲ. ಸುಮ್ಮ ಕುಂತ್ಲು, ತನ್ನ ಹೊಟ್ಟಿಯೊಳಗ ಏನಾಗತೈತಿ ಅಂತ ಕಾಯ್ಕೋತ. ಹುಡುಗ ಒದರಾಕತ್ತಿದ. ಅಕಿ 'ತಡಿ, ತಡಿ' ಅನ್ನಕೋತ ಕಾಯಾಕತ್ತಿದ್ಲು.

ದಿನಾಲೂ ಪ್ರತಿ ತುತ್ತಿಗೂ ಹಿಂಗ ಮಾಡತಾಳ ಈಕಿ ಅಂತ ನನಗ ತಿಳೀತು. ಹಸರು ನೀರು ಕಂಡಾಗ ಬಡದದ್ದಕ್ಕಿಂತ ದೊಡ್ಡದೊಂದು ಎದಿಗೆ ಬಡೀತು.

ಅಷ್ಟರಾಗ ಹುಡುಗ ತಾಯಿ ತೊಡಿ ಹಿಡದು ಮ್ಯಾಲೆದ್ದು, ತೋಳು ಚಾಚಿ, ಅಂಗೈ ಜೋತು ಬೀಳಲಾರದ, ಅಕಿ ಕೈಯಾಗಿನ ರೊಟ್ಟಿ ತುಂಡು ಕಸಗೊಂಡ. ಅಕಿ ಬಿಡಸಾಕ ನೋಡಿದ್ಲು, ಬೆರಳು ಒಂದೊಂದು ಬಿಚ್ಚಾಕ ನೋಡಿದ್ಲು. ಮುಷ್ಟಿ ಗಟ್ಟಿ ಇತ್ತು. ಬಿಚ್ಚಲಿಲ್ಲ.